ಮರೆಯಲ್ಲಿಟ್ಟ ಮಾತು

ಗುಹ್ಯವೆಂದರೆ ಮರೆಯಾಗಿಡತಕ್ಕದ್ದು. ದೇಹದ ಕೆಲವು ಅಂಗಗಳಿಗೆ ಆ ಹೆಸರು ಸಂದದ್ದು ಯುಕ್ತವೇ. ಲಜ್ಜೆಯು ಮನುಷ್ಯನಿಗೆ ಭೂಷಣ. ಆದರೆ ಅಲ್ಲಿ ತಗಲುವ ವ್ಯಾಧಿಗಳನ್ನು ಗುಹ್ಯರೋಗಗಳೆಂದು ಕರೆದು, ಅವುಗಳ ತಿಳಿವಳಿಕೆಯನ್ನೂ ಅದೇ ಮರೆಯೊಳಗೆ ಸೇರಿಸಿದ್ದರಿಂದ ಎಷ್ಟೋ ಮನೆಗಳ ಮಕ್ಕಳಿಗೆ ಕೇಡಾಗಿದೆ.

ಪೂರ್ವಿಕರು ಇಷ್ಟು ಸಂಕೋಚಪಟ್ಟವರಲ್ಲ. ೧೬ನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ, ಪರಂಗಿಯವರ ದೇಶದ್ದೆಂದು ಹೊಸ ರೋಗವೊಂದನ್ನು ಫಿರಂಗವೆಂದು ಹೆಸರಿಸಿ, ಅದು ಸಂಸರ್ಗದಿಂದ ಬರುವುದೆಂದು ನೇರವಾಗಿ ಬರೆದನು. ಇಂದಿನ ವೈದ್ಯರು ಸಿಫಿಲಿಸ್ ಎನ್ನುವುದು ಅದನ್ನೇ.

ಈ ರೋಗದ ನಡೆಯೇ ಕಪಟದ್ದು. ಮೊದಲು ಏಳುವ ಹುಣ್ಣಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಕೆಲವು ವಾರಗಳಲ್ಲಿ ಅದು ತಾನಾಗಿ ಮಾಯುತ್ತದೆ. ಕಾಲೇಜಿನ ಹುಡುಗನೊಬ್ಬನಿಗೆ ಹೀಗಾಯಿತೆನ್ನಿ. ತಂದೆಗೆ ತೋರಿಸಲಾರ, ತಾಯಿಗೆ ಹೇಳಲಾರ. ಗುಟ್ಟಾಗಿ ಹರಕೆ ಹೊರುತ್ತಾನೆ. ಹುಣ್ಣು ಮಾಯ್ದೊಡನೆ ದೇವರು ಕಾಪಾಡಿದನೆಂದು ನಿಟ್ಟುಸಿರು ಬಿಡುತ್ತಾನೆ. ವ್ಯಾಧಿ ಮಾತ್ರ ದೇಹದಲ್ಲಿಯೇ ಉಳಿದು, ವರ್ಷಗಳ ಮೇಲೆ ಹೃದಯವನ್ನೋ ಮಿದುಳನ್ನೋ ಹಿಡಿಯಬಹುದು. ಏನೂ ಅರಿಯದ ಹೆಂಡತಿಗೂ ಗರ್ಭದ ಶಿಶುವಿಗೂ ದಾಟಬಹುದು. ಮೊದಲೇ ವೈದ್ಯರಲ್ಲಿಗೆ ಹೋಗಿದ್ದರೆ ಪೆನಿಸಿಲಿನ್ನಿನ ಒಂದು ಸೂಜಿಮದ್ದು ಸಾಕಾಗುತ್ತಿತ್ತು. ಅದರ ಗುಣ ೧೯೪೩ರಲ್ಲಿಯೇ ಸಿದ್ಧವಾಗಿದೆ. ಹುಡುಗನಿಗೆ ಒದಗದೆ ಹೋದದ್ದು ಹೋಗಿ ಕೇಳುವ ಧೈರ್ಯ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟವಾದುದು. ಗೊನೋರಿಯ, ಕ್ಲಮೀಡಿಯಗಳು ಅವರಲ್ಲಿ ಅನೇಕವೇಳೆ ಯಾವ ಚಿಹ್ನೆಯನ್ನೂ ತೋರದೆ ಬೆಳೆದು ಬಂಜೆತನಕ್ಕೆ ಕಾರಣವಾಗುತ್ತವೆ. ಆಮೇಲೆ ನಿಂದೆಯೂ ಅವರ ಪಾಲಿಗೇ. ಗರ್ಭಕಂಠದ ಕ್ಯಾನ್ಸರಿಗೆ ಮೂಲವಾದ ಎಚ್.ಪಿ.ವಿ. ಎಂಬ ವೈರಸ್ಸನ್ನು ತಡೆಯುವ ಲಸಿಕೆಯುಂಟು. ೯ರಿಂದ ೧೪ರ ವಯಸ್ಸಿನಲ್ಲಿ ಅದನ್ನು ಹಾಕಿಸುವುದು ಉತ್ತಮ. ಆ ವಯಸ್ಸಿನ ಮಗಳಿಗೆ ಇದೇತಕ್ಕೆಂದು ತಾಯಿ ನಾಚಿ ಕುಳಿತರೆ ಕಾಲ ಮೀರುತ್ತದೆ.

ತಿಳಿಸಿದರೆ ಮಕ್ಕಳು ಕೆಡುವರೆಂದು ಹಿರಿಯರ ಆಕ್ಷೇಪಣೆ. ಬಾವಿಯ ಆಳವನ್ನು ಹೇಳಿದ ಮಾತ್ರಕ್ಕೆ ಮಗು ಅದರೊಳಕ್ಕೆ ಧುಮುಕುವುದಿಲ್ಲ. ಸಂಯಮವನ್ನು ಅವಶ್ಯವಾಗಿ ಬೋಧಿಸಲಿ. ಅದರೊಡನೆಯೇ, ನಿರೋಧ್ ಬಳಸಿದರೆ ಅಪಾಯ ಬಹಳ ಮಟ್ಟಿಗೆ ತಗ್ಗುವುದೆಂದೂ, ಚಿಹ್ನೆಯಿಲ್ಲದ ಮಾತ್ರಕ್ಕೆ ರೋಗವಿಲ್ಲವೆಂದಲ್ಲವೆಂದೂ ಹೇಳಲಿ. ಭಾರತದಲ್ಲಿ ೧೯೮೬ರಲ್ಲಿ ಮದರಾಸಿನಲ್ಲಿ ಮೊದಲು ಪತ್ತೆಯಾದ ಎಚ್.ಐ.ವಿ. ಪೂರ್ತಿ ವಾಸಿಯಾಗದಿದ್ದರೂ ಔಷಧದಿಂದ ಹತೋಟಿಯಲ್ಲಿರುತ್ತದೆ. ಒಂದೇ ಪಂಕ್ತಿಯಲ್ಲಿ ಉಂಡರೆ ಅಂಟುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಗುಟ್ಟು ಕಾಯ್ದು ಉಚಿತವಾಗಿ ಅದರ ಪರೀಕ್ಷೆ ಮಾಡುತ್ತಾರೆ. ೧೦೯೭ ಎಂಬ ದೂರವಾಣಿಯಲ್ಲಿ ಹೆಸರು ಹೇಳದೆಯೂ ಕೇಳಬಹುದು.

ಇಷ್ಟನ್ನು ಹೇಳಲು ಒಂದು ಸಂಜೆಯ ಬಿಡುವು ಸಾಕು. ತಂದೆ ಮಗನಿಗೆ, ತಾಯಿ ಮಗಳಿಗೆ ತಾವಾಗಿಯೇ ಹೇಳಿದರೆ, ನಾಳೆ ತೊಂದರೆ ಬಂದಾಗ ಮಕ್ಕಳು ಮೊದಲು ಮನೆಯ ಬಾಗಿಲನ್ನೇ ತಟ್ಟುತ್ತಾರೆ.