ಹೊಗೆಗೊಂದು ಜೊತೆ

ಗುರುಗ್ರಾಮದ ಹಳೇ ಹಳ್ಳಿಗಳಲ್ಲಿ ಮುದುಕರು ಈಗಲೂ ಹುಕ್ಕಾ ಸುತ್ತ ಕೂತು ಹರಟುತ್ತಾರೆ. ಒಂದೇ ಕೊಳವೆ, ಕೈಯಿಂದ ಕೈಗೆ. ಶ್ವಾಸಕೋಶಕ್ಕೆ ಅದೂ ವಿಷವೇ ಬಿಡಿ. ಆದರೆ ಪಕ್ಕದಲ್ಲಿ ಜಗಳಕ್ಕಾದರೂ ಒಬ್ಬರಿರುತ್ತಾರೆ.

ಆಚೆಯ ಅಪಾರ್ಟ್‌ಮೆಂಟಿನಲ್ಲಿ ಮಗನ ಮನೆಗೆಂದು ಧಾರವಾಡದ ಕಡೆಯಿಂದ ಬಂದಿಳಿವ ನಿವೃತ್ತ ಮೇಷ್ಟ್ರುಗಳ ಕಥೆ ಬೇರೆ. ಹಿಂದಿ ನಾಲಗೆಗೆ ಹತ್ತದು, ಮಗ-ಸೊಸೆ ಆಫೀಸಿಗೆ. ನವೆಂಬರಿನ ಹೊಗೆಮಂಜಿಗೆ ಎಲ್ಲರ ಕಿಟಕಿಯೂ ಬಂದ್; ಇವರು ಮಾತ್ರ ಬಾಲ್ಕನಿಯಲ್ಲಿ ಬೀಡಿ ಹಚ್ಚುತ್ತಾರೆ. ಬೀಡಿ ತರುವ ನೆಪದಲ್ಲಿ ಪಾನ್ ಅಂಗಡಿಯವನೊಂದಿಗೆ ಎರಡು ಮಾತು. ದಿನದ ಮಾತುಕತೆ ಅಷ್ಟೇ.

"ಅಪ್ಪಾ, ಬಿಟ್ಟುಬಿಡು" ಅಂದರೆ ಸಾಲದು, ಆ ಎರಡು ಮಾತಿಗೆ ಬದಲಿ ಬೇಕಲ್ಲ? ಭಾನುವಾರ ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಕರೆದೊಯ್ಯಿರಿ. ತಂಬಾಕು ಬಿಡಲು ಉಚಿತ ಸಹಾಯವಾಣಿ: 1800-11-2356.