ಕಲ್ಲಿನ ಹೆಸರು, ಕೊರಳಿನ ಹೆಸರು

ಸಿಂಧನೂರಿನಲ್ಲಿ ಲಿಂಗಸೂಗೂರಿನ ಬಸ್ಸನ್ನೇರಿ ಕಿಟಕಿಯ ಬಳಿ ಕುಳಿತ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುದು ಹಸಿರು. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ, ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಇಲ್ಲಿಯ ಕರಿಯ ನೆಲ ಭತ್ತದ ಗದ್ದೆಯಾಯಿತು. ಪೇಟೆಯಲ್ಲಿ ಅಕ್ಕಿಯ ಗಿರಣಿಗಳು, ಭತ್ತದ ಮೂಟೆಗಳು, ಲಾರಿಗಳ ಸಾಲು. ಈ ವ್ಯಾಪಾರದ ಗದ್ದಲದಲ್ಲಿ ಹಾಡಿಗೆಲ್ಲಿಯ ಎಡೆ ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಇದು ಹಾಡುವವರ ಸೀಮೆ. ಸಿಂಧನೂರು ತಾಲ್ಲೂಕಿನ ಅಂಬಾಮಠ ‘ಜ್ಞಾನಸಿಂಧು’ವಿನ ಕರ್ತೃವಾದ ಚಿದಾನಂದಾವಧೂತರ ಸ್ಥಳ. ಅವರ ದೇವಿ ಪುರಾಣವನ್ನು ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಇಂದಿಗೂ ರಾಗವಾಗಿ ಓದುತ್ತಾರೆ. ನೆರೆಯ ಮಾನ್ವಿ ಸೀಮೆಯ ಚೀಕಲಪರವಿ ವಿಜಯದಾಸರ ಊರು. ಬ್ಯಾಗವಾಟ ‘ಹರಿಕಥಾಮೃತಸಾರ’ದ ಜಗನ್ನಾಥದಾಸರ ಊರು. ಆ ಜಗನ್ನಾಥದಾಸರ ಶಿಷ್ಯರಾಗಿ, ಪದಗಳನ್ನೂ ಕಥನದ ಹಾಡುಗಳನ್ನೂ ಹೇರಳವಾಗಿ ರಚಿಸಿದ ಪ್ರಾಣೇಶದಾಸರು ಲಿಂಗಸೂಗೂರಿನವರು. ಅವರ ಊರನ್ನು ಸೇರುವ ಮೊದಲು ದಾರಿಯಲ್ಲಿ ಮಸ್ಕಿ ಸಿಗುತ್ತದೆ.

ಮಸ್ಕಿಯಲ್ಲಿ ಇಳಿಯದೆ ಮುಂದೆ ಹೋಗುವುದು ಸರಿಯಲ್ಲ. ಊರಿನ ಬಂಡೆಗಳ ನಡುವೆ, ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಶಾಸನವೊಂದಿದೆ. ೧೯೧೫ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿತ್ತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಆ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಈ ಕಲ್ಲಿನಲ್ಲಿ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಲ್ಲು ಆ ಹೆಸರನ್ನು ಕಾಪಾಡಿತ್ತು. ಅದನ್ನು ಓದಬಲ್ಲವರು ಮಾತ್ರ ಇಲ್ಲವಾಗಿದ್ದರು!

ಮಸ್ಕಿಯಿಂದ ಮುಂದಿನ ದಾರಿಯಲ್ಲಿ ಗದ್ದೆಗಳು ವಿರಳವಾಗಿ, ಮಳೆಯಾಶ್ರಯದ ಹೊಲಗಳು ಎದುರಾಗುತ್ತವೆ. ಲಿಂಗಸೂಗೂರು ನಿಜಾಮರ ಕಾಲದಲ್ಲಿ ದಂಡು ಬೀಡುಬಿಟ್ಟ ಊರು. ೧೯೦೫ರವರೆಗೆ ಜಿಲ್ಲೆಯ ಮುಖ್ಯ ಸ್ಥಳವೂ ಆಗಿತ್ತು. ಇದೇ ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿ ದೇಶಕ್ಕೆಲ್ಲ ಪರಿಚಿತ. ಆದರೆ ದಾಸರ ಪದಗಳನ್ನು ಬಲ್ಲ ಮನೆಗಳಲ್ಲಿ ಊರಿನ ಹೆಸರೆತ್ತಿದರೆ ದಂಡೂ ಗಣಿಯೂ ಹಿಂದೆ ಸರಿದು ಪ್ರಾಣೇಶದಾಸರೇ ಮುಂದೆ ಬರುತ್ತಾರೆ.

ದಾಸರಿಗೆ ಶಾಸನ ಕೊರೆಸುವ ಅಧಿಕಾರವೆಲ್ಲಿಯದು? ಅವರಿಗಿದ್ದದ್ದು ಅಂಕಿತವೊಂದೇ. ಪದದ ಕೊನೆಯ ನುಡಿಯಲ್ಲಿ ‘ಪ್ರಾಣೇಶವಿಠಲ’ ಎಂಬ ಅಂಕಿತ ಬಂದೊಡನೆ ಇದು ಯಾರ ಹಾಡೆಂದು ಕೇಳುವವರಿಗೆ ತಿಳಿಯುತ್ತದೆ. ಅವರ ಪರಂಪರೆಯಲ್ಲಿ ಬಂದವರು ಗುರುಪ್ರಾಣೇಶವಿಠಲ, ಶ್ರೀಶಪ್ರಾಣೇಶವಿಠಲ ಎಂಬ ಅಂಕಿತಗಳಲ್ಲಿ ಹಾಡಿ ಗುರುವಿನ ಹೆಸರನ್ನೇ ಮುಂದುವರಿಸಿದರು. ಅರಸನ ಹೆಸರನ್ನು ಕಾಯಲು ಬಂಡೆಯಿತ್ತು. ದಾಸರ ಹೆಸರನ್ನು ಕಾದದ್ದು, ನಸುಕಿನಲ್ಲೆದ್ದು ಕೆಲಸ ಮಾಡುತ್ತಲೇ ಹಾಡುತ್ತಿದ್ದ ಅಜ್ಜಿಯರ ಕೊರಳು.

ಕೊರಳನ್ನೊಂದೇ ನಂಬಿದರೆ ಸಾಲದೆಂದು ಅರಿತವರೂ ಈ ಊರಿನಲ್ಲಿದ್ದರು. ಕಳೆದ ಶತಮಾನದಲ್ಲಿ ಗೊರಬಾಳ ಹನುಮಂತರಾಯರು ಹಸ್ತಪ್ರತಿಗಳನ್ನು ಕಲೆಹಾಕಿ, ಲಿಂಗಸೂಗೂರಿನ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಅಚ್ಚು ಹಾಕಿಸಿದರು. ಚಿಕ್ಕ ಊರೊಂದರಲ್ಲಿ ಕುಳಿತು ಮಾಡಿದ ಈ ಕೆಲಸ ದೊಡ್ಡದು. ಅವರ ಶ್ರಮದಿಂದ ಪದಗಳ ಮಾತು ಉಳಿಯಿತು.

ಧಾಟಿ? ಅದು ಅಚ್ಚಿನ ಮೊಳೆಗೆ ಸಿಕ್ಕುವಂಥದಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಅತ್ತೆಯಿಂದ ಸೊಸೆ, ತಾಯಿಯಿಂದ ಮಗಳು ಎದುರು ಕುಳಿತೇ ಕಲಿಯಬೇಕು. ಇಂದು ಆ ಮಗಳು ಓದಿಗಾಗಿ, ನೌಕರಿಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿರುತ್ತಾಳೆ. ಮಸ್ಕಿಯ ಬಂಡೆಗೆ ಸರಕಾರದ ಕಾವಲುಂಟು. ಧಾಟಿಗೆ ಕಾವಲಿಡುವವರು ಯಾರು?

ನಗರದ ಭಜನಾ ಮಂಡಲಿಗಳಲ್ಲಿ ಇಂದಿಗೂ ದಾಸರ ಪದಗಳನ್ನು ಹೇಳಿಕೊಡುವ ಹಿರಿಯ ಹೆಂಗಸರಿದ್ದಾರೆ. ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವ ಮೊಮ್ಮಕ್ಕಳೂ ಇದ್ದಾರೆ. ಹಿಡಿದಿಟ್ಟದ್ದನ್ನು ಒಮ್ಮೆ ಅಜ್ಜಿಯ ಮುಂದೆಯೇ ಹಾಡಿ ತಿದ್ದಿಸಿಕೊಂಡರೆ ಲಿಂಗಸೂಗೂರಿನ ದಾಸರ ಅಂಕಿತ ಇನ್ನೊಂದು ತಲೆಮಾರನ್ನು ದಾಟೀತು.