ಬೂದಿ ಮುಚ್ಚಿದ ಕೆಂಡ

ಒಲೆ ಆರಿದೆಯೋ ಇಲ್ಲವೋ ಎಂದು ತಿಳಿಯಲು ಹಳ್ಳಿಯ ಅಜ್ಜಿ ಬೂದಿಯೊಳಗೆ ಇಣುಕುವುದಿಲ್ಲ. ಅದರ ಮೇಲೆ ಅಂಗೈ ಹಿಡಿಯುತ್ತಾಳೆ. ದೂಳು ಮುಸುಕಿದ ಗೆಲಾಕ್ಸಿಗಳ ಬೆನ್ನು ಹತ್ತಿದ ಖಗೋಳಜ್ಞರ ಕಸುಬೂ ಹೆಚ್ಚುಕಡಿಮೆ ಇದೇ.

ಈ ಕಸುಬಿನ ರುಚಿ ಹತ್ತಬೇಕಾದರೆ ಎಚ್‌ಡಿಎಫ್ 850.1 ಎಂಬ ಗೆಲಾಕ್ಸಿಯ ಕತೆ ಕೇಳಬೇಕು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಸಪ್ತರ್ಷಿ ಮಂಡಲದ ಒಂದು ಚೂರು ಆಕಾಶವನ್ನು ಹತ್ತು ದಿನ ದಿಟ್ಟಿಸಿ 342 ಚಿತ್ರ ತೆಗೆಯಿತು. ಖಾಲಿ ಎನಿಸಿದ್ದ ಜಾಗದಲ್ಲಿ ಸಾವಿರಾರು ಗೆಲಾಕ್ಸಿಗಳು! 1998ರಲ್ಲಿ ಹವಾಯಿಯ ಮೌನಾ ಕೀ ಶಿಖರದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕ ಅತ್ತಲೇ ತಿರುಗಿತು. ಅದಕ್ಕೆ ಕಂಡದ್ದು ಐದೇ ಮಸುಕು ಚುಕ್ಕೆ. ಅವುಗಳಲ್ಲಿ ಎಲ್ಲಕ್ಕಿಂತ ಪ್ರಖರವಾದದ್ದಕ್ಕೆ ಹೊಂದುವ ಗೆಲಾಕ್ಸಿ ಹಬಲ್ ಚಿತ್ರದಲ್ಲಿ ಇರಲೇ ಇಲ್ಲ.

ಕಾರಣ, ದೂಳು. ನಕ್ಷತ್ರ ಹುಟ್ಟುವಲ್ಲಿ ಸಿಲಿಕೇಟ್ ಮತ್ತು ಇಂಗಾಲದ ಕಣಗಳು ಹೊಗೆಯಂತೆ ಕವಿದಿರುತ್ತವೆ. ಎಳೆಯ ನಕ್ಷತ್ರಗಳ ಬೆಳಕನ್ನು ನುಂಗಿ ಬೆಚ್ಚಗಾಗಿ, ಆ ಶಾಖವನ್ನು ಅವಗೆಂಪು ಕಿರಣವಾಗಿ ಹೊರಬಿಡುತ್ತವೆ. ಬೆಚ್ಚಗೆ ಎಂದರೆ, ಸೊನ್ನೆಗಿಂತ 240 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆಸುಪಾಸು! ಹಿಗ್ಗುವ ವಿಶ್ವದಲ್ಲಿ ಹಾದು ಬರುತ್ತ ಆ ಕಿರಣದ ಅಲೆ ಉದ್ದವಾಗುತ್ತದೆ. ಗೆಲಾಕ್ಸಿ ದೂರವಾದಷ್ಟೂ ಅದರ ಕಿರಣದ ಹೆಚ್ಚು ಪ್ರಖರ ಭಾಗ ಈ ದೂರದರ್ಶಕ ನೋಡುತ್ತಿದ್ದ 850 ಮೈಕ್ರಾನ್ ಅಲೆಯುದ್ದದತ್ತ ಜಾರಿ ಬರುವುದರಿಂದ, ದೂರದ ನಷ್ಟ ಬಹುಪಾಲು ತುಂಬಿಬಿಡುತ್ತದೆ.

ಹಿಡಿಯುವ ಬಗೆಯಂತೂ ಇನ್ನೂ ಸೊಗಸು. ಈ ಕಿರಣಗಳನ್ನು ಹೀರುವ ನೀರಾವಿಯ ಬಹುಪಾಲು 4,000 ಮೀಟರಿಗೂ ಎತ್ತರದ ಮೌನಾ ಕೀ ಶಿಖರದ ಕೆಳಗೇ ಉಳಿಯುತ್ತದೆ. 15 ಮೀಟರ್ ಅಗಲದ ತಟ್ಟೆಯ ಮುಂದೆ ಗಾಳಿ ತಡೆಯಲು ಗೋರ್-ಟೆಕ್ಸ್ ಪರದೆ: ಮಳೆಯಂಗಿಗೆ ಬಳಸುವ ಅದೇ ವಸ್ತು. ಪರದೆ ಸರಿಸದೆ, ಅದರ ಮೂಲಕವೇ ಆಕಾಶ ನೋಡುತ್ತಾರೆ! ಆಗ ಬಳಸಿದ ಸ್ಕೂಬಾ ಎಂಬ ಕ್ಯಾಮೆರಾದ ಸಂವೇದಕಗಳನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಣಿಸಿದ್ದರು. ಆದರೂ ತಲೆಯ ಮೇಲಿನ ಗಾಳಿಯ ಶಾಖದ ಮುಂದೆ ಗೆಲಾಕ್ಸಿಯದು ಯಾವ ಲೆಕ್ಕ? ಅದಕ್ಕೇ ದೂರದರ್ಶಕದ ಕಿರುಗನ್ನಡಿ ಸೆಕೆಂಡಿಗೆ ಏಳೆಂಟು ಬಾರಿ ಅತ್ತಿತ್ತ ತೂಗುತ್ತ, ಗುರಿಯನ್ನೊಮ್ಮೆ, ಪಕ್ಕದ ಬರಿ ಆಕಾಶವನ್ನೊಮ್ಮೆ ನೋಡುತ್ತಿತ್ತು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವ ಚಿಟಿಕೆಯಷ್ಟೇ ಗಳಿಕೆ. ಹೀಗೆ ಕಳೆದದ್ದು, ಎರಡೂ ಅರ್ಥದಲ್ಲಿ, ಸುಮಾರು 50 ಗಂಟೆ.

ಚುಕ್ಕೆ ಸಿಕ್ಕಿತು; ವಿಳಾಸ ಸಿಗಲು 14 ವರ್ಷ ಬೇಕಾಯಿತು.

2012ರಲ್ಲಿ ಫೇಬಿಯನ್ ವಾಲ್ಟರ್ ಮತ್ತು ಸಂಗಡಿಗರು ಫ್ರಾನ್ಸಿನ ಆಲ್ಪ್ಸ್ ಪರ್ವತದ ಪ್ಲಾಟೋ ದ ಬ್ಯೂರ್ ಆಂಟೆನಾಗಳಿಂದ ಅಲ್ಲಿನ ಕಾರ್ಬನ್ ಮಾನಾಕ್ಸೈಡಿನ ಗುರುತು ಹಿಡಿದರು. ಅದರ ಅಲೆ ಎಷ್ಟು ಹಿಗ್ಗಿದೆ ಎಂಬುದರಿಂದ ದೂರ ತಿಳಿಯಿತು: ಆ ಬೆಳಕು ಹೊರಟು ಸುಮಾರು 1,250 ಕೋಟಿ ವರ್ಷ. ಆಗ ಅಲ್ಲಿ ವರ್ಷಕ್ಕೆ ಅಂದಾಜು 850 ಸೂರ್ಯರಿಗಾಗುವಷ್ಟು ನಕ್ಷತ್ರಗಳು ಹುಟ್ಟುತ್ತಿದ್ದವು. ನಮ್ಮ ಕ್ಷೀರಪಥದಲ್ಲಿ ಈಗ ಒಂದೆರಡು. 2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ, ತನ್ನ ಚಿನ್ನ ಲೇಪಿಸಿದ ಕನ್ನಡಿಯಲ್ಲಿ, ದೂಳಿನ ಸಂದಿಯಿಂದ ಸೋರಿದ ಜಲಜನಕದ ಬೆಳಕನ್ನೂ ಹಿಡಿದಿದೆ.

ಏಪ್ರಿಲ್, ಮೇ ತಿಂಗಳ ರಾತ್ರಿ ನಮ್ಮೂರ ಮಾಳಿಗೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತವರಿಗೆ ಸಪ್ತರ್ಷಿಗಳು ಎದುರಿಗೇ ಕಾಣುತ್ತಾರೆ. ಅವರಲ್ಲಿ ಮಂಕಾಗಿರುವವನು ಅತ್ರಿ. ಅವನಿಗೆ ತುಸು ದೂರದಲ್ಲೇ ಆ ಗೆಲಾಕ್ಸಿಯ ಜಾಗ. ಅಲ್ಲಿ ಏನೂ ಕಾಣುವುದಿಲ್ಲ, ಹಬಲ್‌ಗೂ ಕಂಡಿರಲಿಲ್ಲ.